ಎರಡನೆಯ ಪುಟದ ಹೆಸರುಗಳು

...ಅಥವಾ ನಾನು ಬೆರಳಿಟ್ಟದ್ದು ಮೂರನೆಯ ಸಾಲಿನ ಮೇಲಲ್ಲ, ಹತ್ತನೆಯದರ ಮೇಲೆ. ಅವತ್ತು ಪುಟದ ಮೇಲೆ ಬಿಸಿಲು ಬಿದ್ದಿತ್ತು ಎಂದು ಬರೆಯಲು ಹೊರಟರೆ, ಯೆರವಡಾದ ಆ ತಗಡಿನ ಶೆಡ್ಡಿನೊಳಗೆ ಬಿಸಿಲು ಬರುವುದಕ್ಕೆ ದಾರಿಯೇ ಇರಲಿಲ್ಲವಲ್ಲ ಎಂದು ಇನ್ನೊಂದು ನೆನಪು ಅಡ್ಡ ಬರುತ್ತದೆ. ಪುಸ್ತಕ ನನ್ನ ತೊಡೆಯ ಮೇಲಿತ್ತೋ ಆ ತಾಯಿಯ ತೊಡೆಯ ಮೇಲಿತ್ತೋ, ಅದೂ ಸರಿಯಾಗಿ ನೆನಪಿಲ್ಲ. ಎರಡನೆಯ ಪುಟ ತೆರೆದಿತ್ತು. ಅದರಲ್ಲಿ ಹನ್ನೊಂದು ಹೆಸರುಗಳಿದ್ದವು. ಅವಳ ಮಗಳ ಹೆಸರು ಆ ಹನ್ನೊಂದರಲ್ಲಿ ಇರಲಿಲ್ಲ. ಇಷ್ಟು ಮಾತ್ರ ನಿಶ್ಚಿತ. ಆದರೂ ನಾನು ಬೆರಳಿಟ್ಟೆ.

ನೆನಪು ಎಲ್ಲವನ್ನೂ ತೊಳೆದು, ಮಡಚಿ, ಕೈಗೆ ಕೊಡುತ್ತದೆ. ನನಗೆ ಆ ಮಡಿಕೆಗಳ ಮೇಲೆ ನಂಬಿಕೆ ಇಲ್ಲ. ಆದ್ದರಿಂದ ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತೇನೆ. ತಪ್ಪಿದ ಕಡೆ ಅಲ್ಲೇ ತಿದ್ದುತ್ತೇನೆ.

ಮರಾಠಿ ಸೀಮೆಯ ಒಂದು ದೊಡ್ಡ ನಗರದ ಅಂಚಿನಲ್ಲಿ, ಹಡಪಸರದ ಆಚೆ ಇರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಾಂಕ್ರೀಟ್ ಕಲಿಸುತ್ತೇನೆ. ಈ ವಿಷಯಕ್ಕೆ ನಿಗದಿಯಾಗಿದ್ದ ಪಠ್ಯಪುಸ್ತಕ ಇಟ್ಟಿಗೆಯಷ್ಟು ದಪ್ಪ, ಮತ್ತು ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೊಳ್ಳಲಾರದಂಥದ್ದು. ಗ್ರಂಥಾಲಯದಲ್ಲಿ ನಾಲ್ಕೈದು ಪ್ರತಿಗಳಿದ್ದವು. ಅವು ಬೀರುವಿನಿಂದ ಓದುವ ಮೇಜಿನವರೆಗೆ ಮಾತ್ರ ಬರುತ್ತಿದ್ದವು, ಮನೆಗೆ ಹೋಗುತ್ತಿರಲಿಲ್ಲ. ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ ಊರಾಚೆಗೆ ಹೋಗಬೇಕಾದವರು ಐದು ಗಂಟೆಯವರೆಗೆ ಆ ಮೇಜಿನ ಮುಂದೆ ಕೂರುವುದು ಹೇಗೆ? ಉಳಿದವರ ಫೋನಿನಲ್ಲಿ ಯಾರೋ ಕದ್ದು ಸ್ಕ್ಯಾನ್ ಮಾಡಿದ ಹಳೆಯ ಆವೃತ್ತಿ ಇತ್ತು. ಕೆಲವು ಪುಟಗಳ ಮೇಲೆ ಸ್ಕ್ಯಾನ್ ಮಾಡಿದವನ ಹೆಬ್ಬೆರಳೂ ಅಚ್ಚಾಗಿತ್ತು. ತರಗತಿಯಲ್ಲಿ ನಾನು "ಪುಟ ತೆರೆಯಿರಿ" ಅಂದರೆ ಮೂವರು ಮೂರು ಪುಟ ತೆರೆಯುತ್ತಿದ್ದರು. ಕಳವಿನ ಪ್ರತಿ ತೆರೆಯಿರಿ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಹೇಳದೆ ಪಾಠ ನಡೆಯುವ ಹಾಗೂ ಇಲ್ಲ.

ಅಂಥ ದಿನಗಳಲ್ಲಿ ಬೇರೆ ದೇಶದ ಒಂಬತ್ತು ಜನ ಪ್ರಾಧ್ಯಾಪಕರು ಸೇರಿ ಇಂಗ್ಲಿಷಿನಲ್ಲಿ ಬರೆದ ಒಂದು ಕಾಂಕ್ರೀಟ್ ಪುಸ್ತಕ ಸಿಕ್ಕಿತು. ಅಂತರ್ಜಾಲದಲ್ಲಿ ಇಡೀ ಪುಸ್ತಕ ಉಚಿತ. ಉಚಿತ ಎಂಬುದಕ್ಕಿಂತ ಅದರ ಪರವಾನಗಿ ನನ್ನನ್ನು ತಡೆದು ನಿಲ್ಲಿಸಿತು: ಯಾರು ಬೇಕಾದರೂ ನಕಲು ಮಾಡಬಹುದು, ಅಚ್ಚು ಹಾಕಬಹುದು, ಹರಿದು ಬೇಕಾದ ಅಧ್ಯಾಯವನ್ನಷ್ಟೇ ಹಂಚಬಹುದು, ತಿದ್ದಬಹುದು, ತಮ್ಮದನ್ನು ಸೇರಿಸಬಹುದು. ಪ್ರತಿಯಾಗಿ ಕೇಳಿದ್ದು ಎರಡೇ. ಯಾರು ಬರೆದದ್ದು ಎಂದು ಹೇಳಬೇಕು, ಏನು ಬದಲಾಯಿಸಿದೆ ಎಂದು ಹೇಳಬೇಕು. ಮೂರು ಸಲ ಓದಿದೆ. ಎಲ್ಲೋ ಸಣ್ಣಕ್ಷರದಲ್ಲಿ ಇನ್ನೇನಾದರೂ ಇರುತ್ತದೆ ಎಂದು ಹುಡುಕಿದೆ. ಇರಲಿಲ್ಲ.

ಪುಸ್ತಕವನ್ನು ನಮ್ಮ ನೆಲಕ್ಕೆ ಹೊಂದಿಸುವ ಕೆಲಸ ಒಂದು ಸೆಮಿಸ್ಟರ್ ಪೂರ್ತಿ ಹಿಡಿಯಿತು. ಪೌಂಡುಗಳನ್ನು ನ್ಯೂಟನ್ ಮಾಡಿದೆ, ಇಂಚುಗಳನ್ನು ಮಿಲಿಮೀಟರ್ ಮಾಡಿದೆ. ಹಿಮ ಬಿದ್ದು ಕಾಂಕ್ರೀಟ್ ಒಡೆಯುವ ಅಧ್ಯಾಯ ತೆಗೆದೆ. ಅವರ ನಿಯಮಗಳ ಜಾಗದಲ್ಲಿ ನಮ್ಮ ನಿಯಮಗಳ ಕ್ರಮಾಂಕ ಕೂರಿಸಿದೆ. ಪುಟ ವಿನ್ಯಾಸಕ್ಕೆ ಸಿಕ್ಕವನು ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಮೈಸೂರಿನ ತರುಣ. ಸಾಫ್ಟ್‌ವೇರ್ ಕೆಲಸದವನು, ವಾರಾಂತ್ಯಕ್ಕೆ ಬಿಡುವಾಗಿರುತ್ತಿದ್ದ.

"ಟೆಂಪ್ಲೇಟ್ ನಾನ್ ಮಾಡ್ಕೊಡ್ತೀನಿ ಮೇಡಂ, ಸಿಂಪಲ್. ನೀವು ಕಂಟೆಂಟ್ ಕಳ್ಸಿ ಅಷ್ಟೇ. ಆದ್ರೆ ನಿಮ್ ಕನ್ನಡಕ್ಕೆ ಮಾತ್ರ ನಂಗೆ ಸಬ್‌ಟೈಟಲ್ ಬೇಕು."

"ನಿಂದೇನ ಕನ್ನಡನೋ ತಮ್ಮಾ? ಅರ್ಧ ಇಂಗ್ಲಿಷೇ ಅದ," ಎಂದೆ. ನಾನು ವಿಜಯಪುರದವಳು.

ಕರಡು ಮುಗಿದಾಗ ಅದನ್ನು ಎರಡನೆಯ ವರ್ಷದ ತರಗತಿಗೆ ಕೊಟ್ಟು, ಓದಿ ತಪ್ಪು ಹುಡುಕಿ ಎಂದೆ. ಮುಂದಿನ ಸೆಮಿಸ್ಟರಿನಲ್ಲಿ ಈ ಪುಸ್ತಕ ಓದಬೇಕಾದವರು ಅವರೇ. ಎಲ್ಲರೂ ಕಾಗುಣಿತದ ತಪ್ಪು ಹಿಡಿದು ತಂದರು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಒಂದು ಚಿತ್ರದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಅಧ್ಯಾಪಕರ ಕೋಣೆಯ ಬಾಗಿಲಿಗೆ ಬಂದಳು. ಯಾದಗಿರಿ ಕಡೆಯ ಕುಟುಂಬ. ತಂದೆ ತಾಯಿ ಇಬ್ಬರೂ ಕಟ್ಟಡದ ಕೆಲಸ. ಮಾಂಜರಿ ರಸ್ತೆಯಲ್ಲಿ ಏಳುತ್ತಿದ್ದ ಒಂದು ಗೋಪುರದ ಬುಡದಲ್ಲಿ, ಕೂಲಿಗಳ ಶೆಡ್ಡುಗಳಲ್ಲಿ ಅವರ ವಾಸ.

"ಮೇಡಂ, ತಪ್ಪು ಅಂತ ಅಲ್ರಿ. ಒಂದ್ ಕೇಳಬೇಕಿತ್ತು."

"ಒಳಗ ಬಾ. ಕೇಳು."

"ಈ ಚಿತ್ರದಾಗ ಕಾಂಕ್ರೀಟ್ ತುಂಬಿ ಟೆಸ್ಟ್ ಮಾಡೋ ಅಚ್ಚು ಉದ್ದ ಅದರಿ, ಕೊಳವಿ ಹಂಗ. ನಮ್ ಸಾಯಿಟಿನಾಗ ಚೌಕ್ ಡಬ್ಬಿ ತುಂಬತಾರ. ನಮ್ಮಪ್ಪನ ತುಂಬತಾನ. ಎರಡಕ್ಕೂ ಒಂದ ಲೆಕ್ಕ ಏನ್ರಿ?"

ನಾನು ಚಿತ್ರವನ್ನು ನನ್ನ ಕಡೆಗೆ ಎಳೆದುಕೊಂಡೆ. ಆ ದೇಶದಲ್ಲಿ ಕಾಂಕ್ರೀಟಿನ ಬಲ ಅಳೆಯುವುದು ಉದ್ದನೆಯ ಸಿಲಿಂಡರಿನಲ್ಲಿ, ನಮ್ಮಲ್ಲಿ ಘನಾಕಾರದ ಅಚ್ಚಿನಲ್ಲಿ. ಅದೇ ಕಾಂಕ್ರೀಟನ್ನು ಸಿಲಿಂಡರ್ ಮಾಡಿ ಯಂತ್ರದಲ್ಲಿ ಒತ್ತಿದರೆ ಒಂದು ಅಂಕಿ ಬರುತ್ತದೆ, ಘನ ಮಾಡಿ ಒತ್ತಿದರೆ ಅದಕ್ಕಿಂತ ಹೆಚ್ಚಿನದು. ನಾನು ಅಳತೆಯ ಮಾನ ಬದಲಿಸಿದ್ದೆ, ಆಕಾರ ಬದಲಿಸಿರಲಿಲ್ಲ. ಆ ಅಧ್ಯಾಯದ ಕೋಷ್ಟಕಗಳು, ಬಿಡಿಸಿದ ಲೆಕ್ಕಗಳು, ಅಭ್ಯಾಸದ ಉತ್ತರಗಳು ಎಲ್ಲವೂ ತಪ್ಪು. ವರ್ಷಗಟ್ಟಲೆ ಕೈಯಾರೆ ಘನಗಳನ್ನು ಒತ್ತಿಸಿದವಳು ನಾನು. ಪುಸ್ತಕ ಮುಂದಿಟ್ಟುಕೊಂಡಾಗ ನನಗೆ ಕಂಡದ್ದು ಅಂಕಿ ಮಾತ್ರ.

"ಯಾವಾಗ ಓದಿದಿ?"

"ನಿನ್ನೆರಿ. ಮನ್ಯಾಗ." ಆಮೇಲೆ ನಕ್ಕಳು. "ಪುಸ್ತಕ ಮನ್ಯಾಗ ಕುಂತು ಓದಿದ್ದು ಇದ ಮೊದಲ್ರಿ. ಅವ್ವ ರೊಟ್ಟಿ ಬಡಿಯಾಕತ್ತಿದ್ಲು, ನಾ ಓದಿ ಓದಿ ಹೇಳಾಕತ್ತಿದ್ದೆ."

ಇಲ್ಲಿ ಒಂದು ತಿದ್ದುಪಡಿ. ರೊಟ್ಟಿಯ ಮಾತು ಅವಳು ಅವತ್ತೇ ಆಡಿದಳೋ ಇನ್ನೊಂದು ದಿನವೋ ಹೇಳಲಾರೆ. ನನ್ನ ನೆನಪು ಅವಳನ್ನು ಒಂದೇ ಬಾಗಿಲಲ್ಲಿ ನಿಲ್ಲಿಸಿ ಎಲ್ಲ ಮಾತನ್ನೂ ಆಡಿಸಿಬಿಡುತ್ತದೆ.

ಅಧ್ಯಾಯವನ್ನು ಮೊದಲಿನಿಂದ ಮಾಡಲು ಮೂರು ವಾರ ಬೇಕಾಯಿತು. ಪ್ರಯೋಗಾಲಯದಲ್ಲಿ ಒಂದೇ ಮಿಶ್ರಣದಿಂದ ಘನಗಳನ್ನೂ ಸಿಲಿಂಡರುಗಳನ್ನೂ ಎರಕ ಹೊಯ್ದು, ನೀರಿನ ತೊಟ್ಟಿಯಲ್ಲಿಟ್ಟು, ಏಳನೆಯ ದಿನ ಒತ್ತಿ ನೋಡಿದೆವು. ಆ ಹುಡುಗಿಯೂ ಬಂದಳು. ಘನಗಳನ್ನು ತೊಟ್ಟಿಯಿಂದ ಎತ್ತುವಾಗ ಮಗುವಿನ ತಲೆ ಒರೆಸಿದ ಹಾಗೆ ಅರಿವೆಯಿಂದ ಒರೆಸುತ್ತಿದ್ದಳು.

ಮುಂದಿನ ಅಧ್ಯಾಯ ಕ್ಯೂರಿಂಗ್. ಅಂದರೆ, ಹಾಕಿದ ಕಾಂಕ್ರೀಟು ಬೇಗ ಒಣಗದಂತೆ ನೀರುಣಿಸಿ ಬಲಿಸುವುದು. ಮೂಲ ಪುಸ್ತಕದಲ್ಲಿ ಅದು ಚಳಿಯ ಅಧ್ಯಾಯವಾಗಿತ್ತು, ಕಂಬಳಿ ಹೊದಿಸುವುದು, ಬಿಸಿ ಗಾಳಿ ಊದುವುದು. ನಾನು ಅದನ್ನು ತೆಗೆದು, ನಿಯಮಗಳನ್ನು ನೋಡಿಕೊಂಡು ಎರಡು ಪುಟ ಬರೆದು ಅವಳಿಗೆ ತೋರಿಸಿದೆ.

"ಹ್ಯಾಂಗದ?"

"ಚಲೋ ಅದರಿ." ಬಾಯಿಗೆ ಕೈ ಅಡ್ಡ ಹಿಡಿದಳು.

"ನಗು ಯಾಕ ಬಂತು?"

"ಮೇಡಂ, 'ಸತತವಾಗಿ ತೇವವಾಗಿ ಇಡಬೇಕು' ಅಂತ ಬರದೀರಿ. ಯಾರ್ ಇಡಬೇಕ್ರಿ?"

"ಮತ್ತ ನೀನ ಬರಿ."

ಬರೆದಳು. ಒಂದು ನೋಟುಬುಕ್ಕಿನಲ್ಲಿ, ಕನ್ನಡದಲ್ಲಿ, ನಾಲ್ಕು ಪುಟ. ಅವಳ ತಾಯಿ ಸೈಟಿನಲ್ಲಿ ಮಾಡುತ್ತಿದ್ದದ್ದು ಅದೇ ಕೆಲಸ, ಸ್ಲ್ಯಾಬಿಗೆ ನೀರು ಹಿಡಿಯುವುದು. ತಾಯಿ ಹೇಳಿದ್ದನ್ನು ಮಗಳು ಹಾಗೆಯೇ ಇಳಿಸಿದ್ದಳು. ತೋಟದಲ್ಲಿ ಮಡಿ ಕಟ್ಟಿದ ಹಾಗೆ ಸ್ಲ್ಯಾಬಿನ ಮೇಲೆ ಗಾರೆಯಿಂದ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು. ನಡುವಿನ ಮಡಿಯಲ್ಲಿ ನೀರಿದ್ದರೂ ಅಂಚಿನವು ಮೊದಲು ಬತ್ತುತ್ತವೆ, ಗಾಳಿ ಅಲ್ಲಿಂದ ಬರುತ್ತದೆ. ಕಂಬಕ್ಕೆ ಸುತ್ತಿದ ಗೋಣಿತಟ್ಟಿನ ಬಣ್ಣ ನೋಡಿ ಮೋಸಹೋಗಬಾರದು. ಹೊರಗೆ ಕಪ್ಪಗಿದ್ದರೂ ಒಳಮೈ ಒಣಗಿರುತ್ತದೆ, ಆದ್ದರಿಂದ ತಟ್ಟಿನ ಅಡಿಗೆ ಹಿಂಗೈ ತೂರಿಸಿ ನೋಡಬೇಕು, ಅಂಗೈಗೆ ದಡ್ಡುಗಟ್ಟಿರುವುದರಿಂದ ಅದಕ್ಕೆ ತಿಳಿಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಊಟಕ್ಕೆ ಕೂತವರು ಏಳುವಷ್ಟರಲ್ಲಿ ಬಡಗಣ ಗಾಳಿಗೆ ಇಡೀ ಸ್ಲ್ಯಾಬು ಒಣಗುತ್ತದೆ, ಆದ್ದರಿಂದ ನೀರಿನವಳು ಎಲ್ಲರ ಜೊತೆ ಊಟಕ್ಕೆ ಕೂರುವ ಹಾಗಿಲ್ಲ.

ಜೊತೆಗೊಂದು ಚಿತ್ರ. ಮಡಿಗಳಾಗಿ ಹಂಚಿದ ಸ್ಲ್ಯಾಬು, ಅಂಚಿನಲ್ಲಿ ಪೈಪು ಹಿಡಿದ ಹೆಂಗಸು. ಮುಖ ಬರೆದಿರಲಿಲ್ಲ.

ನೋಟುಬುಕ್ಕಿನ ಕೊನೆಯಲ್ಲಿ ಎರಡು ಹೆಸರು. ಮೇಲೆ ತಾಯಿಯದು, ಕೆಳಗೆ ಅವಳದು.

"ಅವ್ವಂದು ಮ್ಯಾಲ ಹಾಕ್ರಿ ಮೇಡಂ. ಹೇಳಿದಾಕಿ ಆಕಿ. ನಾ ಬರೇ ಬರ್ಕೊಂಡೆ."

ನಾನು ಅವಳಿಗೆ ಪರವಾನಗಿ ವಿವರಿಸಿದೆ. ಈ ಪುಸ್ತಕಕ್ಕೆ ಬೆಲೆ ಇಲ್ಲ, ಇರುವ ಬೆಲೆ ಹೆಸರೊಂದೇ, ಬರೆದವರ ಹೆಸರು ಎರಡನೆಯ ಪುಟದಲ್ಲಿ ಬರಲೇಬೇಕು, ನಿಮ್ಮಿಬ್ಬರದೂ ಬರುತ್ತದೆ. ಈ ಮಾತು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದನ್ನೆಲ್ಲ ಅನುಮಾನಿಸುವ ನಾನು ಇದೊಂದನ್ನು ಅನುಮಾನಿಸಲಾರೆ. ಯಾಕೆಂದರೆ ಮರುದಿನ ಅವಳು, "ನನ್ನ ಹೆಸರ ಬರ್ತದ ಅಂತ ಮನ್ಯಾಗ ಹೇಳಿದೆರಿ. ಅವ್ವಂದು ಬಂದ ಮ್ಯಾಲ ತೋರಸ್ತೀನಿ. ಅಪ್ಪ ಮುಕಾದಮಗೂ ಹೇಳ್ಯಾನ," ಎಂದಳು. ಮುಕಾದಮ ಅಂದರೆ ಅವರನ್ನೆಲ್ಲ ಕೆಲಸಕ್ಕೆ ಕರೆತಂದವನು.

ನಾಲ್ಕು ಪುಟ ಇಂಗ್ಲಿಷಿಗೆ ತಂದೆ, ನೀರಿನವಳ ಊಟದ ಸಾಲನ್ನೂ ಬಿಡದೆ. ಮೈಸೂರಿನವನು ಪುಟ ಕಟ್ಟಿದ, ಹೆಸರುಗಳನ್ನು ಸೇರಿಸಿದ. ಆಗ ಎರಡನೆಯ ಪುಟದಲ್ಲಿ ಹದಿಮೂರು ಹೆಸರುಗಳಿದ್ದವು: ಆ ಒಂಬತ್ತು ಜನ, ನಾನು, ಅವನು, ತಾಯಿ, ಮಗಳು.

ಕಾಲೇಜಿನಲ್ಲಿ ಅದನ್ನು ಅಧಿಕೃತ ಪಠ್ಯವಾಗಿ ಹಾಕಬೇಕಾದರೆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಬೇಕು. ಅವರು ಕೆಟ್ಟವರಲ್ಲ. ದುಬಾರಿ ಪುಸ್ತಕ ಬಿಡಬೇಕೆಂದು ಮೇಲಿನವರ ಹತ್ತಿರ ನನ್ನ ಪರ ವಾದಿಸಿದವರು ಅವರೇ. ಕ್ಯೂರಿಂಗ್ ಅಧ್ಯಾಯಕ್ಕೆ ಬಂದಾಗ ಮಾತ್ರ ಕನ್ನಡಕ ತೆಗೆದರು.

"ಹೇ ಪುಸ್ತಕ ಆಹೇ ಕೀ ಸಾಯಿಟ್‌ವರಚ್ಯಾ ಗಪ್ಪಾ?"

ಪುಸ್ತಕವೋ ಸೈಟಿನ ಹರಟೆಯೋ ಎಂದು. ನೀವು ಕರ್ನಾಟಕದವರು ಕಾಂಕ್ರೀಟಿಗೂ ಒಗ್ಗರಣೆ ಹಾಕುತ್ತೀರಿ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನಗಲಿಲ್ಲ. ಪ್ರತಿ ವಾಕ್ಯಕ್ಕೂ ಆಧಾರ ಬೇಕು, ನಿಯಮದ ಕ್ರಮಾಂಕ ಬೇಕು, ಈ ನಾಲ್ಕು ಪುಟಕ್ಕೆ ಆಧಾರವೇನು, ಒಬ್ಬ ಕೂಲಿ ಹೆಂಗಸು ಹಾಗೆ ಹೇಳಿದಳು ಅಂತಲೇ ಎಂದು ಕೇಳಿದರು. ಹೌದು ಎನ್ನುವುದಕ್ಕೆ ನನ್ನ ಬಾಯಿ ತೆರೆದಿತ್ತು. ತೆರೆದಿತ್ತು ಅಂದುಕೊಂಡಿದ್ದೇನೆ. ಅವರು ಮುಂದುವರಿದರು: ಪುಟ ತೆಗೆದರೆ ಇವತ್ತೇ ಸಹಿ, ಇಟ್ಟರೆ ಸಮಿತಿಗೆ ಹೋಗಬೇಕು, ಈ ಸೆಮಿಸ್ಟರ್ ಆಗುವುದಿಲ್ಲ.

ತರಗತಿ ಶುರುವಾಗಲು ಐದು ದಿನ ಉಳಿದಿತ್ತು. ಒಂದು ಇಡೀ ತರಗತಿಗೆ ಮೊದಲ ದಿನವೇ ಪುಸ್ತಕ ಸಿಗುವುದು ಒಂದು ಕಡೆ, ನಾಲ್ಕು ಪುಟ ಒಂದು ಕಡೆ. ತೂಕ ಹಾಕುವುದೂ ಬೇಡ ಎನ್ನುವಷ್ಟು ಸುಲಭವಾಗಿ ಕಂಡಿತು. ಮನೆಗೆ ಬಂದು ಮೈಸೂರಿನವನಿಗೆ ಫೋನು ಮಾಡಿದೆ.

"ಪೇಜಸ್ ತೆಗೆದ್ರೆ ಅದರ ಜೊತೆ ಆ ಎರಡು ಹೆಸರಿನ ಕ್ರೆಡಿಟ್ ಲೈನ್‌ಗಳೂ ಹೋಗುತ್ತೆ ಮೇಡಂ. ಲಿಂಕ್ ಮಾಡಿಟ್ಟಿದೀನಿ. ಓಕೆನಾ?"

"ಓಕೆ."

ಕೊತ್ತಂಬರಿ ಸೋಸುತ್ತಿದ್ದೆ. ಫೋನು ಹೆಗಲಿಗೂ ಕಿವಿಗೂ ನಡುವೆ ಇತ್ತು. ಘನದ ತಪ್ಪು ಹಿಡಿದವಳು ಆ ಹುಡುಗಿಯೇ, ನಾಲ್ಕು ಪುಟ ಹೋದರೂ ಆ ಕಾರಣಕ್ಕೆ ಅವಳ ಹೆಸರು ಉಳಿಯಬೇಕಿತ್ತು ಎಂಬುದು ಆ ಗಳಿಗೆ ನನ್ನ ತಲೆಗೆ ಬರಲೇ ಇಲ್ಲ. ಚಿತ್ರವಂತೂ ಉಳಿದೇಹೋಯಿತು. ಇನ್ನೊಂದು ಪುಟದಲ್ಲಿ ಅದರ ಉಲ್ಲೇಖ ಇದ್ದುದರಿಂದ ಅವನು ತೆಗೆದಿರಲಿಲ್ಲ. ಆ ಪುಸ್ತಕದ ಎಲ್ಲ ಚಿತ್ರಗಳ ಕೆಳಗೂ ಯಾರು ಬರೆದದ್ದು ಎಂದು ಒಂದು ಸಾಲಿದೆ. ಪೈಪು ಹಿಡಿದ ಹೆಂಗಸಿನ ಕೆಳಗೆ ಮಾತ್ರ ಏನೂ ಇರಲಿಲ್ಲ. ನಾವು ಮುಖವನ್ನೇ ನೋಡದ ಒಂಬತ್ತು ಜನರ ಹೆಸರನ್ನು ಅಕ್ಷರ ಅಕ್ಷರ ಪರೀಕ್ಷಿಸಿ, ಒಬ್ಬರ ಹೆಸರಿನ ನಡುವಿನ ಚುಕ್ಕಿಯನ್ನೂ ಸರಿಪಡಿಸಿದ್ದೆವು.

ಅವಳಿಗೆ ಹೇಳಿದೆನೇ? ಒಂದು ನೆನಪಿನಲ್ಲಿ, ಪ್ರಯೋಗಾಲಯದ ತೊಟ್ಟಿಯ ಬಳಿ ನಿಂತು ಎಲ್ಲವನ್ನೂ ವಿವರಿಸಿ, ಕ್ಷಮಿಸು ಎಂದಿದ್ದೇನೆ. ಇನ್ನೊಂದರಲ್ಲಿ, "ಆ ನಾಲ್ಕು ಪುಟ ಈ ಸಲ ಇಲ್ಲವಾ, ಮುಂದಿನ ಸಲ ಹಾಕೋಣು," ಅಂದಷ್ಟೇ ಹೇಳಿ, ಹೆಸರಿನ ವಿಷಯ ಎತ್ತಿಲ್ಲ. ಎರಡನೆಯದೇ ನಿಜವಿರಬೇಕು. ಅವಳು ಹೆಸರಿನ ಬಗ್ಗೆ ಕೇಳಲಿಲ್ಲವಲ್ಲ ಎಂದು ನನಗೆ ಹಾಯೆನಿಸಿದ್ದು ನೆನಪಿದೆ. ಮೊದಲನೆಯದು ನಡೆದಿದ್ದರೆ ಹಾಗೆನಿಸಲು ಕಾರಣವಿರಲಿಲ್ಲ.

"ಇರ್ಲಿ ಬಿಡ್ರಿ ಮೇಡಂ," ಎಂದಳು. "ಪುಸ್ತಕ ಆಯ್ತಲ್ರಿ." ಇನ್ನೊಂದು ಘನ ಎತ್ತಿ ಒರೆಸತೊಡಗಿದಳು.

ಮೊದಲ ದಿನದ ಬಗ್ಗೆ ಸುಳ್ಳು ಹೇಳಬಾರದು. ಅದು ನನ್ನ ಕೆಲಸದ ಬದುಕಿನ ಒಳ್ಳೆಯ ದಿನಗಳಲ್ಲಿ ಒಂದು. ಯಾವ ಲೇಖಕರ ಪುಸ್ತಕ ಕೊಳ್ಳಬೇಕು ಎಂದು ಯಾರೂ ಕೇಳಲಿಲ್ಲ. "ಪುಟ ತೆರೆಯಿರಿ" ಅಂದೆ, ಎಲ್ಲರೂ ಅದೇ ಪುಟ ತೆರೆದರು. ಒಬ್ಬ ಝೆರಾಕ್ಸ್ ಅಂಗಡಿಯಲ್ಲಿ ಒಂದು ಅಧ್ಯಾಯವನ್ನಷ್ಟೇ ಅಚ್ಚು ಹಾಕಿಸಿ ತಂದಿದ್ದ. ಕಣ್ಣು ಮಂದವಿದ್ದ ಇನ್ನೊಬ್ಬ ಅಕ್ಷರ ದೊಡ್ಡದು ಮಾಡಿಕೊಂಡಿದ್ದ, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಬೆಳಿಗ್ಗೆ ಒಂದು ಲೆಕ್ಕದಲ್ಲಿ ತಪ್ಪು ಸಿಕ್ಕಿತು, ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲೂ ಸರಿಯಾಯಿತು. ಬಸ್ಸಿನಲ್ಲಿ, ಊಟದ ಡಬ್ಬಿಯ ಪಕ್ಕ, ಮೆಟ್ಟಿಲ ಮೇಲೆ, ಎಲ್ಲೆಲ್ಲೋ ಆ ಪುಸ್ತಕ ಕಂಡಿತು. ಬೀರುವಿನ ಬೀಗಕ್ಕೆ ಕೆಲಸವಿರಲಿಲ್ಲ.

ಮೊದಲ ವಾರ ಅವಳು ಬಂದಿದ್ದಳು. ಇದನ್ನು ನಾನಲ್ಲ, ಹಾಜರಿ ಪುಸ್ತಕ ಹೇಳುತ್ತದೆ. ಪಾಠದ ನಡುವೆ ಅವಳು ಫೋನಿನಲ್ಲಿ ಪುಸ್ತಕದ ಮೊದಲಿಗೆ ಸರಿಸಿಕೊಂಡು ಹೋಗಿ, ಏನನ್ನೋ ನೋಡಿ, ಫೋನನ್ನು ಬೆಂಚಿನ ಮೇಲೆ ಬೋರಲಾಗಿ ಇಟ್ಟದ್ದನ್ನು ನಾನು ಕಂಡಿದ್ದೇನೆ. ಅಥವಾ ಆಮೇಲೆ ಸೇರಿಸಿಕೊಂಡಿದ್ದೇನೆ. ಫೋನು ಬೋರಲಾಗಿ ಇಡುವವರು ಬೇಕಾದಷ್ಟು ಜನ.

ಎರಡನೆಯ ವಾರದಿಂದ ಅವಳ ಹೆಸರಿನ ಮುಂದೆ ಬರೀ ಗೆರೆ. ಫೋನು ಹೋಗುತ್ತಿರಲಿಲ್ಲ. ಪರೀಕ್ಷೆಯ ಅರ್ಜಿ ತುಂಬುವ ದಿನ ಹತ್ತಿರ ಬಂದಾಗ, ಅವಳನ್ನು ಕರೆತರಲೇಬೇಕೆಂದು ಹೊರಟೆ. ಕೈಯಲ್ಲಿ ಅವಳಿಗೆಂದು ಸ್ಪೈರಲ್ ಹಾಕಿಸಿದ ಒಂದು ಪ್ರತಿ. ಮಾಂಜರಿ ರಸ್ತೆಯ ಗೋಪುರಕ್ಕೆ ಬಣ್ಣ ಬಳಿದಾಗಿತ್ತು. ಶೆಡ್ಡುಗಳಿದ್ದಲ್ಲಿ ಹುಲ್ಲಿನ ಹಾಸು ಹಾಸುತ್ತಿದ್ದರು. ಅವರೆಲ್ಲ ಯೆರವಡಾದ ಕೆಲಸಕ್ಕೆ ಹೋದರು ಎಂದು ಕಾವಲಿನವನು ಹೇಳಿದ. ಎರಡು ಬಸ್ಸು ಬದಲಿಸಿ ಹೋದೆ.

ತಾಯಿ ಶೆಡ್ಡಿನಲ್ಲಿದ್ದಳು. ಕಾಲಿಗೆ ಮೊಳೆ ಚುಚ್ಚಿ ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. ನಾನು ಯಾರೆಂದು ಹೇಳಿದೊಡನೆ ಎದ್ದು ನಿಲ್ಲಲು ನೋಡಿದಳು.

"ಬರ್ರಿ ಅಕ್ಕೋರ, ಬರ್ರಿ, ಕುಂಡ್ರಿ. ನಿಮ್ಮ ಸುದ್ದಿನ ಹೇಳ್ತಿತ್ತು ನಮ್ ಪೋರಿ."

"ಎಲ್ಲಿದಾಳ ಅಕ್ಕಾ?"

"ಹೈದರಾಬಾದಿಗೆ ಹ್ವಾದಳ್ರಿ, ಆಕಿ ಸೋದರಮಾವನ ಸಂಗಾಟ. ಅಲ್ಲಿ ಸಾಯಿಟಿನಾಗ ಬರಿಯೋ ಕೆಲಸ ಅದ ಅಂತ."

"ಸಾಲಿ ಯಾಕ ಬಿಟ್ಲು?"

"ಏನ್ ಹೇಳಾದ್ರಿ. ಇಲ್ಲಿಂದ ಭಾಳ ದೂರನೂ ಆತು. ಬ್ಯಾಡ ಬೇ, ಸಾಕು, ಅಂದ್ಲು. ಆಕಿ ಅಪ್ಪ ಎರಡ ದಿವಸ ಉಣಲಿಲ್ರಿ." ಆಮೇಲೆ ನನ್ನ ಕೈಯಲ್ಲಿದ್ದುದನ್ನು ನೋಡಿದಳು. "ಇದ ಏನ್ರಿ ಆ ಪುಸ್ತಕ?"

"ಹೌದು."

"ಹೆಸರ ಬಂತೇನ ಅಂತ ಕೇಳಿದ್ದೆರಿ. ಬಂದದ ಬೇ, ತೋರಸ್ತೀನಿ, ಅಂದಿದ್ಲು. ತೋರಸದ ಹ್ವಾದಳು." ಸೆರಗಿಗೆ ಕೈ ಒರೆಸಿಕೊಂಡಳು. "ನನಗ ಓದಾಕ ಬರಂಗಿಲ್ರಿ. ಎಲ್ಲಿ ಅದ ಹೇಳ್ರಿ, ಆಕಿ ಹೆಸರ?"

ಬಂದದ ಅಂದಿದ್ದಳು. ಯಾವಾಗ ಅಂದಳು, ಎರಡನೆಯ ಪುಟ ನೋಡುವ ಮೊದಲೋ ನೋಡಿದ ಮೇಲೋ, ಕೇಳಲಿಲ್ಲ ನಾನು. ಇಲ್ಲ ಎಂದು ಈಗ ನಾನು ಹೇಳಿದರೆ ಮಗಳು ಸುಳ್ಳುಗಾರ್ತಿಯಾಗುತ್ತಾಳೆ ಎಂದು ಯೋಚಿಸಿದೆ. ಅದು ನಿಜವಾದ ಕಾರಣ. ತಪ್ಪಿಸಿಕೊಳ್ಳಲು ಸಿಕ್ಕ ಕಾರಣವೂ ಅದೇ. ಪುಟ ತೆರೆದೆ. ಬೆರಳಿಟ್ಟೆ.

"ಇಲ್ಲೇನ್ರಿ?"

"ಹೂಂ."

ನನ್ನ ಬೆರಳು ತೆಗೆದ ಜಾಗದಲ್ಲಿ ಅವಳು ತನ್ನ ಬೆರಳಿಟ್ಟಳು. ಅಕ್ಷರಗಳ ಉದ್ದಕ್ಕೂ ಸಾವಕಾಶವಾಗಿ ಸರಿಸಿದಳು, ಹಿಂಗೈ ತಿರುವಿ ಇನ್ನೊಮ್ಮೆ ಸರಿಸಿದಳು.

"ಭಾಳ ಉದ್ದ ಅದಲ್ರೀ. ಊರ ಹೆಸರೂ ಹಾಕ್ಯಾರೇನ್ರಿ?"

"ಹೌದು," ಎಂದೆ.

ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ತನ್ನ ಹೆಸರೂ ಅಲ್ಲಿ ಇರಬೇಕಿತ್ತು, ಮಗಳದ್ದಕ್ಕಿಂತ ಮೇಲೆ ಇರಬೇಕಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮಗಳು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಪುಸ್ತಕವನ್ನು ಒಂದು ಟವೆಲಿನಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿ ಇಟ್ಟಳು. ನನಗೆ ಚಹಾ ಮಾಡಿದಳು. ಕುಡಿದೆ.

ವಾಪಸ್ ಬಂದ ದಿನವೇ ಮೈಸೂರಿನವನ ಮನೆಯ ಮೆಟ್ಟಿಲು ಹತ್ತಿದೆ. ನಾಲ್ಕು ಪುಟ ಹಿಂದಕ್ಕೆ ಹಾಕಬೇಕು, ಎರಡು ಹೆಸರು ಹಾಕಬೇಕು, ಕಾಲೇಜು ಒಪ್ಪದಿದ್ದರೆ ಕಾಲೇಜಿನ ಹೆಸರಿಲ್ಲದೆ ಬೇರೆ ಆವೃತ್ತಿಯಾಗಿಯೇ ಬರಲಿ ಎಂದೆ. ಪರವಾನಗಿ ಅದಕ್ಕೂ ಅವಕಾಶ ಕೊಟ್ಟಿತ್ತು. ಮೊದಲ ದಿನದಿಂದಲೂ ಕೊಟ್ಟಿತ್ತು. ಒಪ್ಪಿಗೆಯ ಪುಸ್ತಕ ಒಂದು, ನಮ್ಮ ಪುಸ್ತಕ ಒಂದು, ಎರಡನ್ನೂ ಒಂದೇ ದಿನ ಹೊರಡಿಸಬಹುದಿತ್ತು. ಮುಕ್ತ ಪುಸ್ತಕವನ್ನು ತಯಾರಿಸಿದ ನಾನು ಅದನ್ನು ಬೀಗದ ಬೀರುವಿನ ಪುಸ್ತಕದ ಹಾಗೆಯೇ ನೋಡಿದ್ದೆ: ಒಂದೇ ಪ್ರತಿ, ಒಂದೇ ಸಹಿ.

"ಅಷ್ಟೇನಾ ಮೇಡಂ?" ಎಂದ ಅವನು. ಹಳೆಯ ಕಡತ ಅವನ ಹತ್ತಿರವೇ ಇತ್ತು. ಅರ್ಧ ಗಂಟೆಯ ಕೆಲಸ. ನಾನು ಪಕ್ಕದಲ್ಲಿ ಕೂತು ನೋಡಿದೆ. ತಾಯಿಯ ಹೆಸರು ಮೇಲೆ, ಮಗಳದು ಕೆಳಗೆ, ನೋಟುಬುಕ್ಕಿನಲ್ಲಿ ಇದ್ದ ಹಾಗೆ. ಚಿತ್ರದ ಕೆಳಗೆ ಒಂದು ಸಾಲು. ಘನದ ಅಧ್ಯಾಯದ ಕೊನೆಗೆ ಇನ್ನೊಂದು. ಏನು ಬದಲಾಯಿಸಿದೆ ಎಂದು ಹೇಳುವ ಪಟ್ಟಿಯಲ್ಲಿ, "ಹಿಂದಿನ ಆವೃತ್ತಿಯಲ್ಲಿ ಈ ಹೆಸರುಗಳನ್ನು ಬಿಡಲಾಗಿತ್ತು" ಎಂದು ಅವನು ಟೈಪು ಮಾಡಿದ. ಯಾರು ಬಿಟ್ಟರು ಎಂದು ಆ ಹುಡುಗಿಯಾಗಿದ್ದರೆ ಕೇಳುತ್ತಿದ್ದಳು. ತಿದ್ದಿಸಿದೆ: "ನಾನು ಬಿಟ್ಟಿದ್ದೆ."

ಆ ಆವೃತ್ತಿಯನ್ನು ಈಗ ನಮ್ಮ ಕಾಲೇಜಿನವರಲ್ಲದ ಎಷ್ಟೋ ವಿದ್ಯಾರ್ಥಿಗಳು ಓದುತ್ತಾರೆ. ಸೊಲ್ಲಾಪುರದ ಒಬ್ಬ ಅಧ್ಯಾಪಕರು ನಾಲ್ಕು ಪುಟಗಳನ್ನು ಮರಾಠಿಗೆ ತಂದಿದ್ದಾರೆ. ಇಬ್ಬರ ಹೆಸರನ್ನೂ ಸರಿಯಾಗಿ ಹಾಕಿದ್ದಾರೆ. ಫೋನುಗಳಲ್ಲಿ ಇರುವ ಪುಸ್ತಕ ತಿದ್ದಿಕೊಳ್ಳುತ್ತದೆ. ಟ್ರಂಕಿನಲ್ಲಿ ಇರುವುದು ತಿದ್ದಿಕೊಳ್ಳುವುದಿಲ್ಲ. ಹೊಸ ಪ್ರತಿ ಹಿಡಿದು ಯೆರವಡಾಕ್ಕೆ ಮತ್ತೆ ಹೋದಾಗ ಅಲ್ಲಿ ಬೇರೆ ತಂಡವಿತ್ತು. ಛತ್ತೀಸಗಡದವರು. ಮೊದಲಿನವರು ಎಲ್ಲಿಗೆ ಹೋದರು ಎಂದು ಅವರಿಗೆ ತಿಳಿದಿರಲಿಲ್ಲ.

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆದಿಲ್ಲ. ಅದು ಪುಸ್ತಕದಲ್ಲಿ ಅದಕ್ಕೆ ಸಲ್ಲುವ ಜಾಗದಲ್ಲಿದೆ. ಈ ಬರಹಕ್ಕೆ ಅದನ್ನು ಬಳಸಲು ನಾನು ಅವಳನ್ನು ಕೇಳಿಲ್ಲ.

ಅವಳು ಕಾಲೇಜು ಬಿಟ್ಟದ್ದು ದೂರ ಹೆಚ್ಚಾಯಿತೆಂದೋ, ಎರಡನೆಯ ಪುಟ ನೋಡಿಯೋ, ನನಗೆ ಗೊತ್ತಿಲ್ಲ. ಊರಿಗೆ ಬಂದಾಗ ತಾಯಿ ಟ್ರಂಕು ತೆಗೆದು ತೋರಿಸಿರುತ್ತಾಳೆ, ಇಲ್ಲಿ ಅದ ನೋಡು ನಿನ್ನ ಹೆಸರ ಎಂದು ಬೆರಳಿಟ್ಟಿರುತ್ತಾಳೆ. ಆಗ ಮಗಳು ಏನು ಹೇಳಿದಳು, ಗೊತ್ತಿಲ್ಲ. ಆ ಬೆರಳಿನ ಅಡಿಯಲ್ಲಿ ಯಾರ ಹೆಸರಿತ್ತು, ಅದೂ ಗೊತ್ತಿಲ್ಲ. ಆ ಪುಟದಲ್ಲಿ ಉದ್ದವಾದ ಹೆಸರುಗಳು ಎರಡೇ. ಮೂರನೆಯ ಸಾಲಿನದು ಆ ದೂರದ ದೇಶದ ಪ್ರಾಧ್ಯಾಪಕರದು. ಹತ್ತನೆಯದು ನನ್ನದು.